ಪರದೆಯ ಹಿಂಬದಿಯಿಂದ ಕಂಡ ಖಳ

ಆ ದಿನ ಬೆಳಗಿನಿಂದ ಸಂಜೆಯವರೆಗೆ ನಾನು ಮಾಡಿದ ಕೆಲಸಗಳು ಇಷ್ಟು. ಐದೂವರೆಗೆ ನಲ್ಲಿಯ ಹತ್ತಿರ ಪಾಳಿ ಹಿಡಿದು ನೀರು ತಂದು ಮೂಲೆಯ ಹಂಡೆ ತುಂಬಿಸಿದ್ದು. ಅತ್ತೆಗೆ ಚಹಾ ಕೊಟ್ಟು ಮೊಣಕಾಲಿಗೆ ಎಣ್ಣೆ ಹಚ್ಚಿದ್ದು. ಮೆಂತ್ಯದ ಪಲ್ಯ, ಹದಿನಾಲ್ಕು ಜೋಳದ ರೊಟ್ಟಿ. ಪಕ್ಕದ ಮನೆಯವಳ ಎರಡು ಸೀರೆಗೆ ಫಾಲ್ ಹಚ್ಚಿದ್ದು. ಒಂದು ಬಿಳಿ ಕೋಟಿನ ಗುಂಡಿ ತೂರಿಸುವ ನಾಲ್ಕು ಕಾಜಾಗಳನ್ನು ಹೊಲಿದು ಮುಚ್ಚಿ, ಇನ್ನೊಂದು ಬದಿಗೆ ಹೊಸದಾಗಿ ನಾಲ್ಕು ಕಾಜಾ ತೆಗೆದದ್ದು. ಅದೇ ಕೋಟಿನ ಎದೆಯ ಜೇಬನ್ನು ಬಲದಿಂದ ಬಿಚ್ಚಿ ಎಡಕ್ಕೆ ಕೂರಿಸಿದ್ದು. ಕರಿ ಬಟ್ಟೆಯ ಒಂಟಿ ಕೈಗವಸನ್ನು ಒಳಮೈ ಹೊರಗೆ ಮಾಡಿ ತಿರುವಿದ್ದು. ಆಮೇಲೆ, ನನ್ನ ಗಂಡನಿಗೆ ನನ್ನ ಕಡೆ ಬೆನ್ನು ಮಾಡಿ ನಿಲ್ಲಿರಿ ಎಂದು ಹೇಳಿದ್ದು.

ಕೊನೆಯ ನಾಲ್ಕು ಕೆಲಸಗಳಿಗೆ ಕಾರಣ ಒಂದು ಸಿನಿಮಾ. ನಮ್ಮ ಓಣಿಯವರು ಅದನ್ನು ಎಷ್ಟು ಸಲ ನೋಡಿದ್ದೆವೆಂದರೆ, ಯಾವ ಮಾತು ಬರುವ ಹೊತ್ತಿಗೆ ಯಾರ ಮನೆಯ ಕುಕ್ಕರ್ ಕೂಗುತ್ತದೆ ಎಂಬುದು ಕೂಡ ಬಾಯಿಪಾಠವಾಗಿತ್ತು.

ಪುಣೆಯ ಮಾರ್ಕೆಟ್ ಯಾರ್ಡಿನ ಹಿಂದೆ ನಮ್ಮ ಓಣಿ. ರಸ್ತೆಯ ಕಡೆಗೆ ಸಿಮೆಂಟಿನ ಮನೆಗಳು, ಉಡುಪಿ ಕಡೆಯವರೊಬ್ಬರ ಹೋಟೆಲು, ಗಣಪತಿ ಮಂಡಳದ ಕಟ್ಟೆ. ಒಳಗಡೆ ತಗಡಿನ ಮನೆಗಳು. ಅವು ಕಲಬುರಗಿ, ಯಾದಗಿರಿ ಕಡೆಯಿಂದ ಬಂದ ನಮ್ಮಂಥವರವು. ಮನೆಯವರು ಯಾರ್ಡಿನ ಉಳ್ಳಾಗಡ್ಡಿ ವಿಭಾಗದಲ್ಲಿ ಹಮಾಲಿ ಮಾಡುತ್ತಿದ್ದರು. ನಾನು ಮನೆಯಲ್ಲೇ ಹೊಲಿಯುತ್ತಿದ್ದೆ. ನಮ್ಮ ಜೊತೆಗೆ ಅತ್ತೆ. ಒಂದೇ ಖೋಲಿ: ಒಂದು ಮೂಲೆಯಲ್ಲಿ ಇಟ್ಟಿಗೆಯ ಕಟ್ಟೆಯ ಮೇಲೆ ನೀರಿನ ಹಂಡೆ, ಕಿಟಕಿಯ ಕೆಳಗೆ ನನ್ನ ಮಶಿನ್ನು, ಅದರ ಎದುರಿಗೆ ಬಾಗಿಲು.

ತೊಂಬತ್ತರ ದಶಕದಲ್ಲಿ ಗಣಪತಿ ಹಬ್ಬ ಬಂತೆಂದರೆ ಮಂಡಳದವರು ಓಣಿಯ ನಡುವೆ ಎರಡು ಬಿದಿರು ನೆಟ್ಟು ಬಿಳಿ ಪರದೆ ಕಟ್ಟಿ ಸಿನಿಮಾ ತೋರಿಸುತ್ತಿದ್ದರು. ಯಂತ್ರ ಇಡುತ್ತಿದ್ದದ್ದು ರಸ್ತೆಯ ಕಡೆ. ಸಿಮೆಂಟಿನ ಮನೆಯವರು ಚಾಪೆ ತಂದು ಆ ಕಡೆ ಕೂರುತ್ತಿದ್ದರು. ನಮ್ಮ ಬಾಗಿಲುಗಳು ತೆರೆಯುತ್ತಿದ್ದದ್ದು ಪರದೆಯ ಈ ಕಡೆ. ಈ ಕಡೆಯಿಂದಲೂ ಸಿನಿಮಾ ಅಷ್ಟೇ ಚೆನ್ನಾಗಿ ಕಾಣುತ್ತಿತ್ತು. ಹಿಂದೆ ಕೂರಿ ಎಂದು ನಮಗೆ ಯಾರೂ ಹೇಳಿರಲಿಲ್ಲ, ಮುಂದೆ ಬನ್ನಿ ಎಂದೂ ಹೇಳಿರಲಿಲ್ಲ. ಹೊಸ್ತಿಲಲ್ಲೇ ಸ್ಟೋವ್ ಹಚ್ಚಿಕೊಂಡು, ರೊಟ್ಟಿ ಬಡಿಯುತ್ತಾ, ಮಡಿಲಲ್ಲಿ ಹೊಲಿಗೆ ಇಟ್ಟುಕೊಂಡು ನೋಡುವ ಸುಖ ಮುಂದೆ ಚಾಪೆಯ ಮೇಲೆ ಕೂತವರಿಗೆ ಎಲ್ಲಿಯದು?

ಪ್ರತಿ ವರ್ಷ ಹೆಚ್ಚುಕಡಿಮೆ ಅದೇ ಸಿನಿಮಾ. ಮಂಡಳದ ಕಾರ್ಯದರ್ಶಿಗೆ ಗುರುತಿದ್ದವರ ಹತ್ತಿರ ಅದರ ರೀಲಿನ ಡಬ್ಬಿಗಳಿದ್ದವು, ಹಾಗಾಗಿ. ಕಥೆ ಇಷ್ಟು: ನಾಯಕನಿಗೆ ಒಬ್ಬ ಮುದುಕ ಮಂತ್ರಶಕ್ತಿ ಕೊಟ್ಟಿರುತ್ತಾನೆ. ಗೋಡೆಗೆ ಗುದ್ದಿದರೆ ಗೋಡೆ ಬೀಳುತ್ತದೆ, ಲಾರಿಯನ್ನು ಒಂದು ಭುಜದಲ್ಲಿ ಎತ್ತುತ್ತಾನೆ. ಆದರೆ ಆ ಶಕ್ತಿ ಉಪವಾಸ ಇದ್ದಾಗ ಮಾತ್ರ. ಒಂದು ತುತ್ತು ಗಂಟಲಿನಿಂದ ಇಳಿದರೂ ಅವನು ನಮ್ಮ ನಿಮ್ಮ ಹಾಗೆ. ಖಳನಿಗೆ ಈ ಗುಟ್ಟು ಗೊತ್ತು. ಅವನದು ಬಿಳಿ ಕೋಟು, ಕೆಂಪು ಕರವಸ್ತ್ರ, ಒಂದು ಕೈಗೆ ಮಾತ್ರ ಕರಿ ಗವಸು. ಯಾರನ್ನೇ ಹಿಡಿದು ತಂದರೂ ಮೊದಲು ಬಹಳ ಮೆತ್ತಗೆ ಕೇಳುತ್ತಿದ್ದ: ಊಟ ಆಯಿತೇ? ಅಷ್ಟು ಕೇಳಿದನೆಂದರೆ ಎದುರಿಗಿದ್ದವನ ಕಥೆ ಮುಗಿಯಿತು.

ನಾಯಕನಿಗಿಂತ ನಮಗೆ ಈ ಖಳನೇ ಹತ್ತಿರದವನಾದ. ಅತ್ತೆಯಂತೂ ಅವನ ಪಕ್ಷವನ್ನೇ ಹಿಡಿದುಬಿಟ್ಟಿದ್ದರು.

"ಇಡೀ ಸಿನಿಮಾದಾಗ ಉಂಡೇನಪಾ ಅಂತ ಮಂದಿಗಿ ಕೇಳಿದಾಂವ ಅವನೊಬ್ಬನೇ ನೋಡು," ಎನ್ನುತ್ತಿದ್ದರು. "ಆ ಹೀರೋಗ ಏನಾಗ್ಯದ? ಬಡಕೊಂಡು ತಿರಗತಾನ, ಹೊಟ್ಟಿಗಿ ಇಲ್ಲ."

ಹೊಲಿಗೆಯವಳಾಗಿ ನನ್ನ ಕಣ್ಣು ಅವನ ಕೋಟಿನ ಮೇಲೆ. ಗಂಡಸರ ಕೋಟಿಗೆ ಎದೆಯ ಜೇಬು ಎಡಕ್ಕಿರುತ್ತದೆ, ಇವನದು ಬಲಕ್ಕೆ. ಗಂಡಸರ ಕೋಟಿನಲ್ಲಿ ಎಡದ ಅಂಚು ಮೇಲೆ ಬರುತ್ತದೆ. ಇವನದು ನಮ್ಮ ಜಂಪರಿನ ಹಾಗೆ ಬಲದ ಅಂಚು ಮೇಲೆ. ಗವಸು ಎಡಗೈಗೆ. ಎಲ್ಲವೂ ಉಲ್ಟಾ. ಇದನ್ನು ನಾನು ಮೊದಲ ವರ್ಷವೇ ಕಂಡುಹಿಡಿದಿದ್ದೆ ಮತ್ತು ಬಹಳ ಮೆಚ್ಚಿದ್ದೆ. ಎಂಥ ಜಾಣ ಟೇಲರ್ ಇರಬೇಕು ಅವನು, ಖಳ ಎಂದ ಮೇಲೆ ಗುಂಡಿಯೂ ಸರಿ ದಾರಿಯಲ್ಲಿ ಇರಬಾರದು ಎಂದು ಯೋಚಿಸಿ ಹೊಲಿದಿದ್ದಾನಲ್ಲ! ಓಣಿಯ ಹೆಂಗಸರಿಗೆಲ್ಲ ಇದನ್ನು ತೋರಿಸಿಕೊಟ್ಟಿದ್ದೆ. ಅವರೂ ಹೌದು ಹೌದು ಎಂದು ತಲೆಯಾಡಿಸಿದ್ದರು.

ಆಮೇಲೆ ಮನೆಮನೆಗೆ ಕೇಬಲ್ ಬಂತು, ಪರದೆ ಕಟ್ಟುವುದು ನಿಂತಿತು. ಎರಡು ಸಾವಿರ ದಾಟಿ ಒಂದೆರಡು ವರ್ಷಕ್ಕೆ ಮಂಡಳಕ್ಕೆ ಇಪ್ಪತ್ತೈದು ತುಂಬಿತು. ಆ ವರ್ಷ ಏನು ಮಾಡಬೇಕೆಂದು ಒಂದು ಭಾನುವಾರ ಸಂಜೆ ಹೋಟೆಲಿನ ಮೆಟ್ಟಿಲ ಮೇಲೆ ಮಾತು ನಡೆದಿತ್ತು. ನಾನು ಮಾಲೀಕರ ಹೆಂಡತಿಯ ಜಂಪರು ಕೊಡಲು ಹೋಗಿದ್ದೆ. ಅತ್ತೆ ಇಡ್ಲಿಯ ಆಸೆಗೆ ಜೊತೆಗೆ ಬಂದಿದ್ದರು. ಮನೆಯವರು ಯಾರ್ಡಿನಿಂದ ಬರುತ್ತಾ ಅಲ್ಲೇ ನಿಂತಿದ್ದರು, ಹೆಗಲ ಮೇಲೆ ಗೋಣಿಯ ಮಡಿಕೆ ಹಾಗೇ ಇತ್ತು. ಮಾತು ಹೇಗೋ ಆ ಸಿನಿಮಾದ ಕಡೆ ಹೊರಳಿತು.

"ಕಾಯ ವ್ಹಿಲನ್ ಹೋತಾ ತೋ!" ಎಂದರು ಕಾರ್ಯದರ್ಶಿ. ಎಂಥ ಖಳ ಇದ್ದನಪ್ಪಾ ಎಂದು ಕಣ್ಣು ಮುಚ್ಚಿಕೊಂಡರು. ಅವರು ಅಂಚೆ ಕಚೇರಿಯಲ್ಲಿ ಕೆಲಸ ಮಾಡುವ ಮರಾಠಿಯವರು. ನಮ್ಮ ನಡುವೆ ಇದ್ದು ಇದ್ದು ಕನ್ನಡ ಪೂರ್ತಿ ತಿಳಿಯುತ್ತಿತ್ತು, ಅರ್ಧ ಮಾತಾಡಲೂ ಬರುತ್ತಿತ್ತು.

"ಖಳ ಬಿಡಿ, ಹೀರೋ ಎಂತ ಹೀರೋ ಮಾರಾಯ್ರೆ," ಎಂದರು ಹೋಟೆಲಿನ ಮಾಲೀಕರು. "ಮೂರು ಗಂಟೆಯಲ್ಲಿ ಒಂದು ಲೋಟ ಕಾಫಿ ಕುಡಿಯಲಿಲ್ಲ. ಇಂಥವರು ನಾಲ್ಕು ಜನ ಇದ್ರೆ ನಾನು ಶಟರ್ ಎಳೆದು ಊರಿಗೆ ಹೋಗಬೇಕು."

"ಕೊನಿಗಿ ಗವಸು ಕಳಚಿ ಬೀಳತದಲ್ಲ, ಆವಾಗ ನಾ ಅತ್ತೀನಿ," ಎಂದರು ಅತ್ತೆ.

ಕೊನೆಯಲ್ಲಿ ನಾಯಕ ಖಳನ ಗವಸಿನ ಕೈ ಹಿಡಿದೆಳೆದಾಗ ಗವಸು ಕಳಚುತ್ತದೆ. ಒಳಗೆ ಸುಟ್ಟ ಗಾಯದ ಕಲೆ. ಸಣ್ಣವನಿದ್ದಾಗ ಹಸಿವು ತಾಳದೆ ಯಾವುದೋ ದೊಡ್ಡ ಮನೆಯ ಅಡುಗೆಮನೆಯಲ್ಲಿ ರೊಟ್ಟಿ ತೆಗೆದದ್ದಕ್ಕೆ ಅವರು ಅವನ ಕೈಯನ್ನು ಹಂಚಿಗೆ ಒತ್ತಿರುತ್ತಾರೆ.

"ಅವನ ನಡಿಗೆ ನೆನಪಿದೆಯಾ?" ಎಂದು ಮಾಲೀಕರು ಎದ್ದು ಎರಡು ಹೆಜ್ಜೆ ಹಾಕಿ ತೋರಿಸಿದರು. ಯಾರೂ ಒಪ್ಪಲಿಲ್ಲ.

"ನೀವು ಇಡ್ಲಿ ಪ್ಲೇಟ್ ಹಿಡಕೊಂಡು ನಡದಂಗ ಅದ ಬಿಡ್ರಿ," ಎಂದರು ಅತ್ತೆ.

ಆಗ ಮನೆಯವರು ಗೋಣಿಯ ಮಡಿಕೆ ನನ್ನ ಕೈಗೆ ಕೊಟ್ಟು ಮೆಟ್ಟಿಲ ಮುಂದೆ ನಡೆದರು. ನಾಲ್ಕೇ ಹೆಜ್ಜೆ. ಬೆನ್ನು ನೆಟ್ಟಗೆ, ಕುತ್ತಿಗೆ ಮಾತ್ರ ತುಸು ವಾಲಿಸಿ, ಯಾವುದಕ್ಕೂ ಅವಸರವಿಲ್ಲದವನ ಹಾಗೆ. ನಿಂತು, ತಿರುಗಿ, ಮಾಲೀಕರ ಮುಖ ನೋಡಿ ಹುಬ್ಬು ಮಾತ್ರ ಎತ್ತಿದರು. ಬಾಯಿ ತೆರೆಯಲಿಲ್ಲ. ಆದರೂ ಆ ಪ್ರಶ್ನೆ ಎಲ್ಲರಿಗೂ ಕೇಳಿಸಿತು.

ಮಾಲೀಕರು ಕೈಯಲ್ಲಿದ್ದ ಲೋಟ ಕೆಳಗಿಟ್ಟರು. "ಅಯ್ಯಬ್ಬಾ!" ಎಂದರು.

ಅಲ್ಲೇ ತೀರ್ಮಾನವಾಯಿತು. ಈ ವರ್ಷ ಆ ಸಿನಿಮಾದ ಕೊನೆಯ ದೃಶ್ಯವನ್ನು ದೇಖಾವೆ ಮಾಡುವುದು ಎಂದು. ಗಣಪತಿಯ ಮುಂದಿನ ಕಟ್ಟೆಯ ಮೇಲೆ ಮನುಷ್ಯರೇ ವೇಷ ಹಾಕಿ ಏಳೆಂಟು ನಿಮಿಷ ಆಡಿ ತೋರಿಸುವುದಕ್ಕೆ ಪುಣೆಯಲ್ಲಿ ಜೀವಂತ ದೇಖಾವೆ ಎನ್ನುತ್ತಾರೆ. ಮಾತುಗಳೆಲ್ಲ ಮೊದಲೇ ಕ್ಯಾಸೆಟ್ಟಿನಲ್ಲಿರುತ್ತವೆ, ಆಡುವವರು ಮೈ ಮತ್ತು ಮುಖ ಕೊಟ್ಟರೆ ಸಾಕು. ಹೋಟೆಲಿನ ಮಾಲೀಕರು ನಾಯಕ. ಖಳ ನಮ್ಮ ಮನೆಯವರು. ಇಪ್ಪತ್ತೈದು ವರ್ಷದಲ್ಲಿ ತಗಡಿನ ಮನೆಗಳ ಕಡೆಯಿಂದ ಆ ಕಟ್ಟೆ ಹತ್ತುವವರು ಇವರೇ ಮೊದಲು. ಕಟ್ಟೆಗೆ ಇಟ್ಟಿಗೆ ಹೊತ್ತವರು ನಮ್ಮವರೇ, ಅದು ಬೇರೆ ಮಾತು.

ಮನೆಯವರು ಮಾತು ಕಡಿಮೆ. ಮನೆಗೆ ಬಂದು ಕೈಕಾಲು ತೊಳೆದು, "ಕೋಟು ನೀನೇ ಹೊಲಿಬೇಕು," ಎಂದರು. ಅಷ್ಟರಲ್ಲೇ ಅವರಿಗೆ ಇದೆಷ್ಟು ಬೇಕಾಗಿದೆ ಎಂದು ನನಗೆ ತಿಳಿಯಿತು. ಮದುವೆಯಾದಾಗಿನಿಂದ ಅವರು ನನ್ನ ಹತ್ತಿರ ಒಂದು ಅಂಗಿಯನ್ನೂ ಕೇಳಿ ಹೊಲಿಸಿಕೊಂಡವರಲ್ಲ.

ಒಂದು ತಿಂಗಳು ಮನೆಯಲ್ಲೇ ಅಭ್ಯಾಸ. ಯಾರ್ಡಿನಿಂದ ಬಂದು ಚಹಾ ಕುಡಿದವರೇ ನನ್ನ ಮಶಿನ್ನಿನ ಎದುರಿಗೆ ನಿಲ್ಲುತ್ತಿದ್ದರು. ಕೊನೆಯ ದೃಶ್ಯದಲ್ಲಿ ಖಳ ನಾಯಕನನ್ನು ಕಂಬಕ್ಕೆ ಕಟ್ಟಿ, ಶಕ್ತಿ ಹೋಗಲೆಂದು ಮೋಸಂಬಿ ತಿನ್ನಿಸುತ್ತಾನೆ; ನಮ್ಮ ಮನೆಯಲ್ಲಿ ನೀರಿನ ಹಂಡೆಯೇ ಆ ಕಂಬ. ಎಡಗೈಯಲ್ಲಿ ಮೋಸಂಬಿ ಹಿಡಿದು ಹಂಡೆಯ ಹತ್ತಿರ ನಡೆಯುವುದು, ಒಂದು ತೊಳೆ ಬಿಡಿಸಿ ಹಂಡೆಗೆ ತಿನ್ನಿಸುವುದು, ಹಂಡೆ ಅದನ್ನು ನುಂಗದೆ ದವಡೆಯಲ್ಲಿ ಇಟ್ಟುಕೊಂಡು ಮೋಸ ಮಾಡಿದಾಗ ಬೆಚ್ಚುವುದು. ನಾನು ಮಶಿನ್ ತುಳಿಯುತ್ತಾ ತಿದ್ದುತ್ತಿದ್ದೆ. ಎಡಗೈ ಇನ್ನೂ ಮ್ಯಾಲ, ಈಗ ಎಡಕ್ಕ ಹೊಳ್ರಿ, ಸಾವಕಾಶ. ಅವರು ಬಲಗೈಯಲ್ಲಿ ಕೊಕ್ಕೆ ಹಿಡಿದು ಮೂಟೆ ಎಳೆಯುವವರು. ಎಡಗೈಗೆ ಮೋಸಂಬಿ ಹಿಡಿಯಲು ಕಲಿಸುವುದರಲ್ಲೇ ಹದಿನೈದು ದಿನ ಹೋದವು. ಕೋಟನ್ನು ನಾನು ನೆನಪಿನಿಂದಲೇ ಕತ್ತರಿಸಿದೆ. ಜೇಬು ಬಲಕ್ಕೆ, ಬಲದ ಅಂಚು ಮೇಲೆ, ಗವಸು ಎಡಗೈಗೆ. ನನ್ನ ನೆನಪಿನ ಮೇಲೆ ನನಗೆ ಅಷ್ಟು ಭರವಸೆ.

ಹೋಟೆಲಿನ ಗದ್ದಲದಿಂದಾಗಿ ಮಾಲೀಕರಿಗೆ ಬಿಡುವೇ ಸಿಗದೆ, ಎಲ್ಲರೂ ವೇಷ ಹಾಕಿ ಕೂಡಿ ಆಡಿ ನೋಡಿದ್ದು ದೇಖಾವೆ ಶುರುವಾಗುವ ದಿನ ಬೆಳಿಗ್ಗೆ ಹತ್ತಕ್ಕೆ. ಹೇಳಿದೆನಲ್ಲ, ಅದೇ ದಿನ.

ಕಟ್ಟೆಯ ಮೇಲೆ ಪ್ಲಾಸ್ಟರಿನ ಕಂಬ ನಿಲ್ಲಿಸಿ ಆಗಿತ್ತು. ಮಾಲೀಕರು ಹಸಿರು ಬಿಗಿ ಅಂಗಿಯಲ್ಲಿ ಹೊಟ್ಟೆ ಒಳಗೆಳೆದುಕೊಂಡು ಅದಕ್ಕೆ ಒರಗಿ ನಿಂತಿದ್ದರು. ಮನೆಯವರು ಬಿಳಿ ಕೋಟು ಹಾಕಿಕೊಂಡು ಕುರ್ಚಿಯ ಮೇಲೆ ಕೂತರು. ಕ್ಯಾಸೆಟ್ ಹಚ್ಚಿದರು. ಮನೆಯವರು ಎದ್ದರು, ನಡಿಗೆ ಶುರುವಾಯಿತು. ಎಡಕ್ಕೆ ಹೊರಳಿ ನಾಲ್ಕು ಹೆಜ್ಜೆ ಹಾಕಿ, ಎಡಗೈ ಚಾಚಿ, ಬಹಳ ಮೆತ್ತಗೆ, ಏನೂ ಇಲ್ಲದ ಬಯಲಿಗೆ ಮೋಸಂಬಿ ತಿನ್ನಿಸಿದರು. ಕಂಬವೂ ನಾಯಕನೂ ಇದ್ದದ್ದು ಅವರ ಬಲಕ್ಕೆ.

"ನಾನು ಇಲ್ಲಿದ್ದೇನೆ ಮಾರಾಯ್ರೆ!" ಎಂದು ಬೆನ್ನ ಹಿಂದಿನಿಂದ ಮಾಲೀಕರು ಕೂಗಿದರು.

ಕೆಳಗೆ ನಿಂತವರು ನಕ್ಕರು. ಕಾರ್ಯದರ್ಶಿ ಕ್ಯಾಸೆಟ್ ನಿಲ್ಲಿಸಿ ಮೇಲೆ ಬಂದರು. "ದಾದಾ, ಹಾ ಡಾವಾ ಹಾತ. ಉಜವಾ ಪಾಹಿಜೆ," ಎಂದು ಎಡಗೈ ಮುಟ್ಟಿ, ಬಲಗೈ ಹಿಡಿದು ಅಲ್ಲಾಡಿಸಿದರು. ಆಮೇಲೆ ಕೋಟು ನೋಡಿ, ನನ್ನನ್ನು ಮರಾಠಿಯಲ್ಲಿ ಅತ್ತಿಗೆ ಎಂದು ಕರೆದು ಕೇಳಿದರು. "ವಹಿನಿ, ಇದೇನು, ಗುಂಡಿ ಹೆಂಗಸರ ಹಾಗೆ?"

"ಸಿನಿಮಾದಾಗ ಹಿಂಗೇ ಅದರಿ," ಎಂದೆ ನಾನು, ಧೈರ್ಯವಾಗಿ. "ಬೇಕಾದ್ರ ಯಾರಿಗರೆ ಕೇಳ್ರಿ. ಗವಸು ಎಡಗೈಗೆ, ಜೇಬು ಬಲಕ್ಕ. ಎಂಟು ವರ್ಷ ನೋಡೀನಿ."

"ನಾನೂ ಎಂಟು ವರ್ಷ ನೋಡಿದ್ದೇನೆ ಅಕ್ಕ. ಬಲಗೈ," ಎಂದರು ಮಾಲೀಕರು.

ನಮ್ಮ ಕಡೆಯ ಹೆಂಗಸರು ನಾಲ್ಕು ಜನ ಎಡ ಎಂದರು. ಸಿಮೆಂಟಿನ ಮನೆಯವರು ಎಲ್ಲರೂ ಬಲ ಎಂದರು. ಕಾರ್ಯದರ್ಶಿ ಒಮ್ಮೆ ಆ ಗುಂಪು ನೋಡಿದರು, ಒಮ್ಮೆ ಈ ಗುಂಪು ನೋಡಿದರು. ಹಣೆ ಚಚ್ಚಿಕೊಂಡು ನಗಲು ಶುರು ಮಾಡಿದರು.

"ಅಹೋ ವಹಿನಿ, ನೀವು ಪರದೆ ಹಿಂದೆ ಕೂತಿದ್ರಿ!"

ಒಂದು ಕ್ಷಣ ನನಗೆ ಏನೂ ಅರ್ಥವಾಗಲಿಲ್ಲ. ಆಮೇಲೆ, ಮೊದಲ ವರ್ಷ ಸಿನಿಮಾದ ಹೆಸರು ಪರದೆಯ ಮೇಲೆ ಮೂಡಿದ್ದು ನೆನಪಾಯಿತು. ಆಗಷ್ಟೇ ಊರಿಂದ ಬಂದವಳು ನಾನು. ಅಕ್ಷರಗಳನ್ನು ನೋಡಿ, ಹಿಂದಿಯಲ್ಲಿ ಹೀಗೇ ಬರೆಯುತ್ತಾರೆ ಎಂದುಕೊಂಡಿದ್ದೆ. ಆ ಅಕ್ಷರಗಳು ಉಲ್ಟಾ ಇದ್ದವು. ಎಲ್ಲವೂ ಉಲ್ಟಾ ಇತ್ತು. ಆ ಜಾಣ ಟೇಲರ್ ಎಲ್ಲರ ಹಾಗೆಯೇ ಹೊಲಿದಿದ್ದ.

ನಾನೂ ನಕ್ಕೆ. ನಗದಿದ್ದವರು ಒಬ್ಬರೇ. ಮನೆಯವರು ಗವಸು ಕಳಚಿ, ಕೋಟು ತೆಗೆದು, ಮಡಿಸಿ ಕುರ್ಚಿಯ ಮೇಲಿಟ್ಟರು.

ಕಾರ್ಯದರ್ಶಿ ಕೆಟ್ಟವರಲ್ಲ. ಆದರೆ ಆ ಸಂಜೆ ಏಳೂವರೆಗೆ ಮೊದಲ ಆಟ; ಬೇರೆ ಮಂಡಳಗಳವರೆಲ್ಲ ನೋಡಲು ಬರುವವರಿದ್ದರು. ಕಂಬವನ್ನು ಕಿತ್ತು ಆ ಕಡೆ ಹಾಕುವ ಹಾಗಿರಲಿಲ್ಲ. "ಆರು ಗಂಟೆಗೆ ಇನ್ನೊಮ್ಮೆ ನೋಡೋಣ ದಾದಾ," ಎಂದರು. "ಆಗಲಿಲ್ಲ ಅಂದ್ರೆ ಹೋಟೆಲಿನ ಕ್ಯಾಶಿಯರ್ ಮಾಡ್ತಾರೆ. ಅವರು ಮುಂದಿನಿಂದ ನೋಡಿದವರು. ತಪ್ಪು ತಿಳಿಬೇಡಿ."

ಮನೆಯವರು ಹೂಂ ಎಂದರು. ಮನೆಗೆ ಬಂದು ಹೊಸ್ತಿಲ ಮೇಲೆ ಕೂತು, "ಮುಂದಿಂದ ನೋಡಿದಾಂವ," ಎಂದರು. ಅಷ್ಟೇ.

ನಾನು ಕೋಟು ಬಿಚ್ಚಲು ಕೂತೆ. ಕೋಟು ನನ್ನ ಕೆಲಸ, ಅದು ನನಗೆ ಭಾರವಲ್ಲ. ಹಳೆಯ ಕಾಜಾ ಮುಚ್ಚಿ, ಮುಚ್ಚಿದ ಜಾಗದ ಮೇಲೆಯೇ ಗುಂಡಿ ಕೂರಿಸಿದರೆ ಗುರುತೂ ಸಿಗುವುದಿಲ್ಲ. ಗುಂಡಿಯಿದ್ದ ಕಡೆ ಹೊಸ ಕಾಜಾ. ಬಟ್ಟೆಯ ಗವಸು, ಒಳಮೈ ಹೊರಗೆ ಮಾಡಿದರೆ ಎಡಗೈಯದು ಬಲಗೈಯದಾಗುತ್ತದೆ. ಹೊಲಿಗೆಯ ಅಂಚು ಕತ್ತರಿಸಿದರೆ ಮುಗಿಯಿತು. ಆದರೆ ಒಂದು ತಿಂಗಳು ಕಲಿತ ಮನುಷ್ಯನನ್ನು ಒಳಮೈ ಹೊರಗೆ ಮಾಡುವುದು ಹೇಗೆ?

ಊಟ ಬೇಡವೆಂದರು. ತಿರುವಿದ ಗವಸನ್ನು ಬಲಗೈಗೆ ಹಾಕಿಕೊಂಡು ನನ್ನೆದುರು ನಿಂತರು. ಬಲಕ್ಕೆ ಹೊರಳಬೇಕು. ಹಂಡೆ ಇರುವುದು ಎಡಕ್ಕೆ. ಕಾಲು ತಾನಾಗಿಯೇ ಹಂಡೆಯ ಕಡೆ ಹೋಗುತ್ತಿತ್ತು. ಹಂಡೆಯನ್ನು ಆ ಕಡೆ ಇಡೋಣವೆಂದರೆ ಅದು ಬೆಳಿಗ್ಗೆ ತುಂಬಿಸಿದ ಹಂಡೆ, ಇಟ್ಟಿಗೆಯ ಕಟ್ಟೆಯಲ್ಲಿ ಕೂತದ್ದು. ಆರು ಸಲ ಆಯಿತು, ಏಳು ಸಲ ಆಯಿತು. ಪ್ರತಿ ಸಲವೂ ಎಡಗೈ ಮೊದಲು ಮೇಲೇಳುತ್ತಿತ್ತು.

"ಒಂದು ತಿಂಗಳ ಬಡಕೊಂಡು ಈ ಎಡಗೈಗೆ ಕಲಿಸಿನಿ," ಎಂದರು, ಆ ಕೈಯನ್ನು ಬೇರೆ ಯಾರದೋ ಎನ್ನುವ ಹಾಗೆ ನೋಡುತ್ತಾ. "ಈಗ ಅದು ಕೇಳವಲ್ದು."

"ಬಿಡು ತಮ್ಮಾ, ಎರಡು ತುತ್ತು ಉಣ್ಣು ಮೊದಲ," ಎಂದರು ಅತ್ತೆ. ಅವರು ಬಾಗಿಲಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದರು. "ಆ ಹೀರೋನಂಗ ನೀನೂ ಉಪಾಸ ಬಿದ್ದಿ ಏನು?"

"ಸುಮ್ಮ ಕುಂದ್ರಬೇ." ಆಮೇಲೆ ನನ್ನ ಕಡೆ ತಿರುಗಿ, "ನಿನ್ನ ಮಾರಿ ನೋಡಿದ್ರ ಎಡಗೈನೇ ಏಳತದ. ಎಡಾ ಎಡಾ ಅಂತ ನೀನೇ ಅಂದೀ ದಿನಾ," ಎಂದರು.

ಹೇಳಿದ್ದು ನಿಜವೇ. ನಾನು ತಲೆ ತಗ್ಗಿಸಿ ಕಾಜಾ ಹೊಲಿಯತೊಡಗಿದೆ. ಅವರು ನನ್ನ ಮುಖ ಕಾಣದಿರಲಿ ಎಂದು ಬೆನ್ನು ತಿರುಗಿಸಿ, ಬಾಗಿಲಿನ ಕಡೆ, ಅತ್ತೆಯ ಕಡೆ ಮುಖ ಮಾಡಿ ಇನ್ನೊಮ್ಮೆ ಶುರು ಮಾಡಿದರು.

ದಾರ ಕಡಿಯಲು ತಲೆ ಎತ್ತಿದೆ. ನನ್ನ ಕೈ ಅಲ್ಲೇ ನಿಂತಿತು.

ಅವರ ಬೆನ್ನು ನನ್ನ ಕಡೆ ಇತ್ತು. ಹಂಡೆ ತನ್ನ ಜಾಗದಲ್ಲೇ ಇತ್ತು. ಅವರು ನಾಲ್ಕು ಹೆಜ್ಜೆ ನಡೆದದ್ದು ಹಂಡೆಯ ಕಡೆಗೇ, ಕಾಲು ಕಲಿತ ದಾರಿಯಲ್ಲೇ. ಆದರೆ ತಿರುಗಿ ನಿಂತದ್ದರಿಂದ ಹಂಡೆ ಈಗ ಅವರ ಬಲಕ್ಕಿತ್ತು, ಹಂಡೆಯ ಕಡೆ ಎದ್ದದ್ದು ಬಲಗೈ. ನನಗೆ ಮಾತ್ರ ಎಲ್ಲವೂ ಎಂಟು ವರ್ಷ ಹೊಸ್ತಿಲಲ್ಲಿ ರೊಟ್ಟಿ ಬಡಿಯುತ್ತಾ ಕಂಡ ಹಾಗೆಯೇ ಕಂಡಿತು. ಕಂಬ ಈ ಕಡೆ, ಗವಸಿನ ಕೈ ಈ ಕಡೆ.

"ಏನ ಅಡ್ಡತಿಡ್ಡ ಮಾಡ್ಲಿಕತ್ತೀಯೋ!" ಎಂದು ಬಾಗಿಲಿನಿಂದ ಅತ್ತೆ ಬೈದರು. "ನನಗ ಎಲ್ಲಾ ಉಲ್ಟಾ ಕಾಣ್ಲಿಕತ್ತದ."

"ಅತ್ತೀ," ಎಂದೆ ನಾನು. "ನೀವು ಈಗ ಮುಂದ ಕುಂತೀರಿ."

ಅತ್ತೆಗೆ ಅರ್ಥವಾಗಲು ಹೊತ್ತು ಹಿಡಿಯಿತು. ಮನೆಯವರಿಗೆ ಕೂಡಲೇ ಆಯಿತು. ಮೂಟೆ ಹೊರುವವರಿಗೆ ಎಡ ಬಲಕ್ಕಿಂತ, ಯಾವುದು ಎಲ್ಲಿದೆ ಎಂಬುದು ಮುಖ್ಯ. ಅವರು ಹಂಡೆ ನೋಡಿದರು, ನನ್ನನ್ನು ನೋಡಿದರು, ಮತ್ತೆ ಬೆನ್ನು ತಿರುಗಿಸಿದರು.

"ನನ್ನ ಕಡೆ ಬೆನ್ನು ಮಾಡೇ ನಿಲ್ರಿ, ಎಡಾ ಬಲಾ ಬಿಟ್ಟುಬಿಡ್ರಿ," ಎಂದೆ. "ನಾ ನಿಮ್ಮ ಹಿಂದ ಕುಂತೀನಿ, ಹಂಡೆ ಇದ್ದಲ್ಲೇ ಅದ. ಅದನ್ನಷ್ಟೇ ನೆನಪಿಡ್ರಿ. ಈಗ ಹಂಡೆಗಿ ಉಣಸ್ರಿ."

ಉಣಿಸಿದರು. ಒಂದಲ್ಲ, ಹತ್ತೊಂಬತ್ತು ಸಲ. ಹಂಡೆಗೆ ಹತ್ತಿರ ಇರುವ ಕೈ ಮೇಲೇಳಲಿ ಎಂದು ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು. ಎಡಗೈ ಎರಡು ಸಲ ಏಳಲು ನೋಡಿತು. ಕಾಜಾ ಮುಗಿದ ಕೋಟು ತೊಡಿಸಿ, ತೊಳೆ ಬಿಡಿಸಿದ ಮೇಲೆ ಆ ಕೈಯನ್ನು ಕಿಸೆಯೊಳಗೆ ಇಟ್ಟುಬಿಡಿ ಎಂದೆ. ಕಿಸೆಯಲ್ಲಿ ಕೈ ಇಟ್ಟ ಖಳ ಇನ್ನೂ ಗತ್ತಿನಲ್ಲಿ ಕಂಡ. ಅತ್ತೆ ಮುಂದೆ ಕೂತೇ ನೋಡಿದರು. ಹತ್ತನೆಯ ಸಲದ ಹೊತ್ತಿಗೆ ಅವರ ಶೇಂಗಾ ಸುಲಿಯುವುದು ನಿಂತಿತ್ತು.

ಆರು ಗಂಟೆಗೆ ಕಟ್ಟೆಯ ಹತ್ತಿರ ಹೋದೆವು. ಕ್ಯಾಶಿಯರ್ ಮುಖಕ್ಕೆ ಪೌಡರ್ ಹಚ್ಚಿಕೊಂಡು ಒಂದು ಪಕ್ಕದಲ್ಲಿ ಕೂತಿದ್ದರು. ಮನೆಯವರು ಕಾರ್ಯದರ್ಶಿಯ ಹತ್ತಿರ ಒಂದೇ ಒಂದು ಮಾತು ಕೇಳಿದರು.

"ಪಡದೆದ ಹಿಂದ ಜಾಗ ಅದ ಏನ್ರೀ?"

ಕಟ್ಟೆಯ ಹಿಂಬದಿಗೆ ಬಂಗಲೆಯ ಚಿತ್ರ ಬರೆದ ಬಟ್ಟೆ ಕಟ್ಟಿದ್ದರು. ಅದರ ಹಿಂದೆ ಎರಡು ಸ್ಟೂಲ್ ಹಿಡಿಸುವಷ್ಟು ಜಾಗ.

"ಇದೆ. ಯಾಕೆ ದಾದಾ?"

"ಈಕಿ ಅಲ್ಲಿ ಕುಂದರಬೇಕು. ಈಕಿ ಹಿಂದ ಅದಾಳ ಅಂದ್ರ ನನಗ ಹಂಡೆ ಎಲ್ಲದ ಅಂತ ಗೊತ್ತಾಗತದ."

ಕಾರ್ಯದರ್ಶಿಗೆ ಹಂಡೆಯ ಮಾತು ತಿಳಿಯಲಿಲ್ಲ. ಆದರೆ ಬಟ್ಟೆಯ ಎರಡು ತುಂಡು ಕೂಡುವ ಕಡೆ ಇಷ್ಟು ಸಂದು ಬಿಡಿಸಿ, ಸ್ಟೂಲ್ ತರಿಸಿ ಹಾಕಿಸಿದರು. ನಾನೂ ಅತ್ತೆಯೂ 'ಬಂಗಲೆ'ಯ ಹಿಂದೆ ಕೂತೆವು. ಕ್ಯಾಸೆಟ್ ಹಚ್ಚಿದರು. ಸಂದಿಯಿಂದ ನನಗೆ ಕಂಡದ್ದು ಬಿಳಿ ಕೋಟಿನ ಬೆನ್ನು, ಕಂಬದ ಅಂಚು, ಮಾಲೀಕರ ಹಸಿರು ಭುಜ. ಕೋಟು ಎದ್ದಿತು. ನಡೆಯಿತು. ಕಂಬದ ಕಡೆಯ ಕೈ ಮೇಲೆದ್ದಿತು. ಕ್ಯಾಸೆಟ್ಟಿನಲ್ಲಿ ಆ ಪ್ರಶ್ನೆ ಬಂತು. ಕೆಳಗೆ ನಿಂತವರ ಸದ್ದು ಅಡಗಿತು. ಪೂರ್ತಿ ಮುಗಿಯುವವರೆಗೆ ಯಾರೂ ನಗಲಿಲ್ಲ.

ಮುಗಿದ ಮೇಲೆ ಕ್ಯಾಶಿಯರ್ ತಾವಾಗಿಯೇ ಎದ್ದು ಹೋಗಿ ಮುಖ ತೊಳೆದುಕೊಂಡು ಬಂದರು. "ನನ್ನಿಂದ ಇದು ಆಗ್ತಿರಲಿಲ್ಲ," ಎಂದು ನನ್ನ ಹತ್ತಿರ ಬಂದು ಹೇಳಿದರು. ಒಳ್ಳೆಯ ಮನುಷ್ಯ.

ಏಳೂವರೆಗೆ ಮೊದಲ ಆಟ. ಆ ಸಂಜೆ ಒಟ್ಟು ನಾಲ್ಕು ಆಟ ಆದವು. ನಾಲ್ಕೂ ಆಟ ನಾನು ನೋಡಿದ್ದು ಹಿಂದಿನಿಂದಲೇ. ಮನೆಯವರ ಮುಖ ಹೇಗಿತ್ತು ಎಂದು ನನಗೆ ಇವತ್ತಿಗೂ ಬೇರೆಯವರು ಹೇಳಿದ್ದಷ್ಟೇ ಗೊತ್ತು. ಬೆನ್ನು ಹೇಗಿತ್ತು ಎಂಬುದನ್ನು ಮಾತ್ರ ನನ್ನಷ್ಟು ಚೆನ್ನಾಗಿ ಯಾರೂ ಹೇಳಲಾರರು. ನಾಲ್ಕನೆಯ ಆಟದಲ್ಲಿ ಗವಸು ಕಳಚಿ ಬಿದ್ದಾಗ, ಮುಂದೆ ನಿಂತ ಹೆಂಗಸರು "ಅರೆರೇ" ಎಂದದ್ದು ಹಿಂದಿನವರೆಗೂ ಕೇಳಿಸಿತು. ಸುಟ್ಟ ಕಲೆಯನ್ನು ನಾನು ಕಾಡಿಗೆ, ಕುಂಕುಮ ಬೆರೆಸಿ ಬಲಗೈಗೆ ಬರೆದಿದ್ದೆ. ಅತ್ತೆ ಸ್ಟೂಲಿನ ಮೇಲೆ ಕೂತಲ್ಲೇ ಸೆರಗಿನಿಂದ ಕಣ್ಣು ಒರೆಸಿಕೊಂಡರು.

ಆಟ ಮುಗಿದು ಎಲ್ಲರೂ ಕೆಳಗಿಳಿದಾಗ ಹೋಟೆಲಿನ ಮಾಲೀಕರು ಮನೆಯವರ ಕಿವಿಯ ಹತ್ತಿರ ಬಂದು, "ಒಂದು ಮಾತು ಯಾರಿಗೂ ಹೇಳಬೇಡಿ. ಕೊನೆಯ ಆಟದಲ್ಲಿ ನಾನು ಮೋಸಂಬಿ ನುಂಗಿಬಿಟ್ಟೆ. ಮಧ್ಯಾಹ್ನದಿಂದ ಏನೂ ತಿಂದಿರಲಿಲ್ಲ ಮಾರಾಯ್ರೆ," ಎಂದರು.

"ನನಗ ಗೊತ್ತಾತ್ರಿ," ಎಂದರು ಮನೆಯವರು. "ಆದ್ರೂ ನೀವು ಹಗ್ಗ ಹರಕೊಂಡು ಬಂದ್ರಿ. ನಾ ಸೋತೆ."

"ಹಂಗಾದ್ರ ಖರೇ ಗೆದ್ದಾಂವ ನಮ್ಮ ಹುಡುಗನೇ," ಎಂದು ಅತ್ತೆ ತೀರ್ಪು ಕೊಟ್ಟರು. ಕಾರ್ಯದರ್ಶಿ ಹೊಟ್ಟೆ ಹಿಡಿದುಕೊಂಡು ನಕ್ಕರು.

ಮನೆಯವರು ಎಲ್ಲರ ಮುಖ ನೋಡಿ, ಕೋಟಿನಲ್ಲೇ ಇದ್ದುಕೊಂಡು, ತಮ್ಮ ಸ್ವಂತ ದನಿಯಲ್ಲಿ ಕೇಳಿದರು, "ಊಟ ಆತೇನ್ರೀ?" ಯಾರದೂ ಆಗಿರಲಿಲ್ಲ. ನಾಯಕ, ಕಾರ್ಯದರ್ಶಿ, ಕ್ಯಾಶಿಯರ್, ಮೂವರೂ ಅವರ ಹಿಂದೆ ನಮ್ಮ ಖೋಲಿಗೆ ಬಂದರು. ಮಾಲೀಕರು ಹೊಸ್ತಿಲಲ್ಲಿ ಒಂದು ಗಳಿಗೆ ನಿಂತು, ಪರದೆ ಕಟ್ಟುತ್ತಿದ್ದ ಜಾಗದ ಕಡೆ ತಿರುಗಿ ನೋಡಿದರು.

"ಓ, ಇಲ್ಲಿಂದ ಚೆಂದ ಕಾಣ್ತಿರಬೇಕು," ಎಂದರು.

"ಭಾಳ ಚಂದ ಕಾಣತಿತ್ರಿ," ಎಂದೆ.

ಊಟಕ್ಕೆ ಬೆಳಿಗ್ಗೆ ಬಡಿದು ಮಧ್ಯಾಹ್ನ ಯಾರೂ ಮುಟ್ಟದ ಹದಿನಾಲ್ಕು ರೊಟ್ಟಿ, ಮೆಂತ್ಯದ ಪಲ್ಯ, ಮಧ್ಯಾಹ್ನ ಅತ್ತೆ ಸುಲಿದ ಶೇಂಗಾದ ಚಟ್ನಿ, ಮೊಸರು, ಹಸಿ ಉಳ್ಳಾಗಡ್ಡಿ. ಕಾರ್ಯದರ್ಶಿಯ ಮನೆಯಿಂದ ಆರು ಮೋದಕ ಬಂದವು. ನಾಯಕನೊಬ್ಬರೇ ನಾಲ್ಕು ರೊಟ್ಟಿ ತಿಂದರು. ನನ್ನ ಪಾಲಿಗೆ ಒಂದೂವರೆ ಉಳಿಯಿತು, ಸಾಕಾಯಿತು. ಕೊನೆಗೆ ಆಟದಲ್ಲಿ ಮಿಕ್ಕ ಮೋಸಂಬಿಯ ತೊಳೆಗಳನ್ನು ಎಲ್ಲರೂ ಹಂಚಿಕೊಂಡರು.

ಎಲ್ಲರೂ ಹೋದ ಮೇಲೆ ಬೆವರಿನಲ್ಲಿ ನೆಂದ ಕೋಟನ್ನು ನಾಳೆಯ ಆಟಕ್ಕೆ ಒಣಗಲೆಂದು ಹಗ್ಗಕ್ಕೆ ಹಾಕಿದೆ. ದಿನವೂ ಬೆನ್ನು ನೋವೆಂದು ಹೊರಳಾಡಿ ಎಲ್ಲರಿಗಿಂತ ಕಡೆಗೆ ಕಣ್ಣು ಮುಚ್ಚುವ ಮನೆಯವರು ಅಂದು ಮೊದಲು ಮಲಗಿದರು, ಕಿವಿಯ ಹಿಂದಿನ ಪೌಡರ್ ತೊಳೆಯದೆ, ಕೈಯ ಮೇಲಿನ ಕುಂಕುಮದ ಕಲೆ ಒರೆಸದೆ. ಅತ್ತೆ ಅದನ್ನು ಗಮನಿಸದೆ ಅವರ ಜೊತೆ ಇನ್ನೂ ಮಾತಾಡುತ್ತಲೇ ಇದ್ದರು. ನಾಳೆ ನಾ ಮುಂದ ಕುಂದರತೀನಿ ತಮ್ಮಾ, ಒಮ್ಮೆ ಮುಂದಿನಿಂದ ನೋಡಬೇಕು, ಕೇಳಿಸ್ತೇನು? ಸ್ವಲ್ಪ ಹೊತ್ತಿಗೆ ಅವರೂ ಮಲಗಿದರು. ನಾನು ಹಂಡೆಯ ಮೇಲೆ ಮುಚ್ಚಳ ಹಾಕಿ, ದೀಪ ಆರಿಸಿ, ಕೊನೆಗೆ ಮಲಗಿದೆ.